ಎಣ್ಣೆ ನೋಡಿ ಗೇರ್ ಹೇಳುವ ವಿದ್ಯೆ

ಘಾಟಿ ಇಳಿಯುವವರಿಗೆ ನಮ್ಮ ಕಡೆ ಹಿಂದಿನಿಂದ ಹೇಳುತ್ತಾ ಬಂದ ಮಾತೊಂದಿದೆ: ಹತ್ತುವಾಗ ಯಾವ ಗೇರ್ ಬೇಕಾಯಿತೋ ಇಳಿಯುವಾಗಲೂ ಅದೇ ಗೇರ್ ಇರಲಿ. ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿಯುವ ತಿರುವುಗಳಲ್ಲಿ ಇದನ್ನು ಮರೆತು ಬರೀ ಬ್ರೇಕ್ ನಂಬಿದವರಿಗೆ ಅರ್ಧ ದಾರಿಯಲ್ಲೇ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಬಯಲುಸೀಮೆಯಲ್ಲಿ ಗೇರ್ ಎಂದರೆ ವೇಗ, ಕಾಫಿ ಬೆಟ್ಟಗಳಲ್ಲಿ ಗೇರ್ ಎಂದರೆ ಹಿಡಿತ. ಆ ಹಿಡಿತ ಎಲ್ಲಿ ತಪ್ಪಿದೆ ಎಂದು ಪತ್ತೆ ಹಚ್ಚುವ ವಿದ್ಯೆಗೂ ಒಂದು ಚರಿತ್ರೆಯಿದೆ. ಅದು ಕಿವಿಯಿಂದ ಶುರುವಾಗಿ ಎಣ್ಣೆಗೆ ಬಂದು ನಿಂತಿದೆ.

ಕಿವಿಯ ಕಾಲ ಜೀಪಿನ ಕಾಲ. 1945ರಲ್ಲಿ ಆರಂಭವಾದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ 1947ರಲ್ಲಿ ಬೊಂಬಾಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ತೊಡಗಿತು. ಮರುವರ್ಷ ಅದರ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ಯುದ್ಧಕ್ಕಾಗಿ ಹುಟ್ಟಿದ ಆ ಗಾಡಿಗೆ ಕಾಫಿ ತೋಟದ ರಸ್ತೆ ಹೇಳಿ ಮಾಡಿಸಿದಂತಿತ್ತು. ಮುಂದಕ್ಕೆ ಮೂರು ಗೇರ್, ದೊಡ್ಡ ಲಿವರಿನ ಪಕ್ಕ ಎರಡು ಚಿಕ್ಕ ಲಿವರ್. ಒಂದು ಮುಂದಿನ ಚಕ್ರಗಳಿಗೂ ಬಲ ಕೊಡಲು, ಇನ್ನೊಂದು ಕಡು ಏರಿಗೆ ಬೇಕಾದ ಲೋ ಗೇರಿಗೆ. ಮೂಡಿಗೆರೆ ತಾಲ್ಲೂಕಿನಲ್ಲಿ ತೋಟ ಮಾಡಿಕೊಂಡಿದ್ದ ತೇಜಸ್ವಿಯವರನ್ನು ಓದಿದವರಿಗೆ ಜೀಪು, ಸ್ಕೂಟರು, ರಿಪೇರಿಗಳ ಈ ಲೋಕ ಹೊಸದೇನಲ್ಲ.

ಜೀಪಿನ ಗೇರ್‌ಬಾಕ್ಸ್ ತನ್ನ ಕಾಯಿಲೆಯನ್ನು ಬಾಯಿಬಿಟ್ಟು ಹೇಳುತ್ತಿತ್ತು. ನ್ಯೂಟ್ರಲ್‌ನಲ್ಲಿ ಗೊರಗೊರ ಸದ್ದು ಬಂದು, ಕ್ಲಚ್ ಒತ್ತಿದೊಡನೆ ನಿಂತರೆ ಒಳಶಾಫ್ಟಿನ ಬೇರಿಂಗ್ ಸವೆದಿದೆ. ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ಕ್ಲಚ್ಚಿನ ಬೇರಿಂಗ್ ಹೋಗಿದೆ. ಟಾಪ್ ಗೇರಿನಲ್ಲಿ ಸುಮ್ಮನಿದ್ದು ಉಳಿದೆರಡರಲ್ಲಿ ಗೋಳಿಟ್ಟರೆ ಕೆಳಗಿನ ಶಾಫ್ಟನ್ನು ಅನುಮಾನಿಸಬೇಕು. ಯಾಕೆಂದರೆ ಟಾಪ್‌ನಲ್ಲಿ ಬಲ ನೇರವಾಗಿ ಸಾಗುತ್ತದೆ, ಕೆಳಗಿನ ಶಾಫ್ಟಿನ ಮೇಲೆ ಹೊರೆ ಬೀಳುವುದಿಲ್ಲ. ಇಳಿಜಾರಿನಲ್ಲಿ ಸೆಕೆಂಡ್ ಗೇರ್ ತಾನಾಗಿ ಕಳಚಿಕೊಳ್ಳುವುದು ಆ ಜೀಪುಗಳ ಹಳೆಯ ರೋಗ. ಡ್ರೈವರು ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಗೇರ್ ಲಿವರನ್ನು ಅದುಮಿ ಹಿಡಿದು ಇಳಿಯಬೇಕಾಗುತ್ತಿತ್ತು. ರೋಗ ಗೊತ್ತಿತ್ತು, ಮದ್ದೂ ಗೊತ್ತಿತ್ತು. ಕೈಕಾಲಿನ ಅನುಭವವೇ ಅರ್ಧ ತಪಾಸಣೆಯಾಗಿತ್ತು.

ವಿಚಿತ್ರವೆಂದರೆ ಜೀಪು ಹುಟ್ಟುವ ಹೊತ್ತಿಗೆ ಆಟೋಮ್ಯಾಟಿಕ್ ಗೇರ್ ಆಗಲೇ ಹುಟ್ಟಿತ್ತು. ಅದರ ಬೀಜ ಹಡಗಿನಲ್ಲಿದೆ. ಜರ್ಮನಿಯ ಹರ್ಮನ್ ಫೊಟ್ಟಿಂಗರ್ ಎಂಬ ಎಂಜಿನಿಯರ್ 1905ರಲ್ಲಿ, ಹಡಗಿನ ಟರ್ಬೈನಿನ ಬಲವನ್ನು ದ್ರವದ ಮೂಲಕ ದಾಟಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ತಿರುಗಿಸಿದರೆ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಅಮೆರಿಕದಲ್ಲಿ ಅರ್ಲ್ ಥಾಂಪ್ಸನ್ ಎಂಬಾತ 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಸಿಂಕ್ರೋಮೆಶ್ ತಂದು ಡಬಲ್ ಕ್ಲಚ್ಚಿನ ಕಷ್ಟ ತಪ್ಪಿಸಿದ. ಮುಂದೆ ಕ್ಲಚ್ ಪೆಡಲನ್ನೇ ತೆಗೆದುಹಾಕಿದ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸಿನ ಹಿಂದೆಯೂ ಅವನೇ ಇದ್ದ. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಅದು ಜನರ ಕೈಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಕೆಲವು ಹಗುರ ಟ್ಯಾಂಕುಗಳಿಗೂ ಇದನ್ನೇ ಕೂಡಿಸಿದರು. ಅದೇ ಯುದ್ಧದಲ್ಲಿ ಟ್ಯಾಂಕಿಗೆ ಆಟೋಮ್ಯಾಟಿಕ್, ಜೀಪಿಗೆ ಕೈ ಗೇರ್. ನಮ್ಮ ಬೆಟ್ಟ ಹತ್ತಿದ್ದು ಜೀಪು.

ಹೀಗಾಗಿ ಆಟೋಮ್ಯಾಟಿಕ್ ಕಾರು ನಮ್ಮಲ್ಲಿ ಕಣ್ಣಿಗೆ ಬೀಳತೊಡಗಿದ್ದು 1990ರ ದಶಕ ಕಳೆಯುತ್ತ ಬಂದಾಗ. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಸಡಿಲಗೊಂಡು ಬೆಳೆಗಾರರು ತಾವೇ ಕಾಫಿ ಮಾರುವಂತಾದ, 1994ರ ಬ್ರೆಜಿಲ್ ಹಿಮಪಾತದಿಂದ ಕಾಫಿ ಬೆಲೆ ಏರಿದ ದಶಕ ಅದು. ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ಎಡಮೊಣಕಾಲು ನೋಯಿಸಿಕೊಂಡ ವಯಸ್ಸಾದವರಿಗೆ ಎರಡು ಪೆಡಲಿನ ಕಾರು ವರವಾಗಿ ಕಂಡದ್ದು ಸಹಜ. ಆ ತಲೆಮಾರಿನ ಕಾರುಗಳಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿ ಕಟ್ಟಿಸುವ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು. 'ಗೇರ್‌ಬಾಕ್ಸ್ ಹೋಗಿದೆ' ಎಂಬ ಒಂದೇ ಮಾತಿಗೆ ಚೆನ್ನಾಗಿರುವ ಗಾಡಿ ಗುಜರಿಗೆ ಹೋಗುತ್ತದೆ. ಬಸ್ಸಿಲ್ಲದ ತೋಟದ ಮನೆಯಲ್ಲಿ, ಆಷಾಢದ ಮಳೆಯಲ್ಲಿ, ಆಸ್ಪತ್ರೆಗೆ ಹೋಗಲು ಇರುವುದು ಅದೊಂದೇ ಗಾಡಿಯಾದರೆ ಆ ಮಾತಿನ ತೂಕ ಎಷ್ಟೆಂದು ಯೋಚಿಸಿ.

ನನ್ನ ಹಳೆಯ ಕಾರಿಗೂ ಈ ತೀರ್ಪು ಬಂದಿತ್ತು. ಕಳಸದ ಕಡೆಯಿಂದ ಕೊಟ್ಟಿಗೆಹಾರಕ್ಕೆ ಬರುವ ಏರುಗಳಲ್ಲಿ ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಒಂದು ಕಡೆ ನೋಡಿದವರು ಬೇರೆ ಗೇರ್‌ಬಾಕ್ಸ್ ಹಾಕಬೇಕೆಂದರು. ಮೂಡಿಗೆರೆಯಲ್ಲಿ, ಜೀಪಿನಲ್ಲೇ ಕೈ ಪಳಗಿಸಿಕೊಂಡ ಹಿರಿಯ ಮೆಕ್ಯಾನಿಕ್ ಒಬ್ಬರು ಸ್ಪ್ಯಾನರ್ ಮುಟ್ಟದೆ ಕೇಳಿದರು: "ಸಾರ್, ತಣ್ಣಗಿದ್ದಾಗ ಹಿಂಗೆ ಆಗುತ್ತೋ, ಕಾದ ಮೇಲೋ? ಒಂದೇ ಗೇರಲ್ಲೋ, ಎಲ್ಲದರಲ್ಲೋ? ರಿವರ್ಸ್ ಸರಿ ಎಳೆಯುತ್ತಾ?"

ಈ ಮೂರು ಪ್ರಶ್ನೆಗಳಲ್ಲಿ ಅರ್ಧ ತಪಾಸಣೆ ಮುಗಿಯುತ್ತದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಎಂಜಿನ್ ತಿರುಗಿಸುವ ಪಂಪೊಂದು ಎಣ್ಣೆಯನ್ನು ಒತ್ತಡದಲ್ಲಿ ತಳ್ಳುತ್ತದೆ. ಆ ಒತ್ತಡವೇ ಒಳಗಿನ ಕ್ಲಚ್‌ಗಳನ್ನು ಅದುಮಿ ಬೇರೆ ಬೇರೆ ಗೇರ್ ಹಿಡಿಸುತ್ತದೆ. ಹಿಂದೆ ಮುಂದೆ ಎಲ್ಲ ಗೇರಿನಲ್ಲೂ ಜಾರುತ್ತಿದ್ದರೆ ಎಲ್ಲಕ್ಕೂ ಸಾಮಾನ್ಯವಾದದ್ದನ್ನು ಮೊದಲು ನೋಡಬೇಕು: ಎಣ್ಣೆ ಕಡಿಮೆಯೇ, ಫಿಲ್ಟರ್ ಕಟ್ಟಿದೆಯೇ, ಪಂಪು ಸೋತಿದೆಯೇ. ಒಂದೇ ಗೇರಿನಲ್ಲಿ ಜಾರಿದರೆ ಆ ಗೇರಿನ ಕ್ಲಚ್ಚನ್ನೋ ಅದಕ್ಕೆ ಎಣ್ಣೆ ಬಿಡುವ ವಾಲ್ವನ್ನೋ ನೋಡಬೇಕು. ನನ್ನ ಕಾರು ಎಲ್ಲದರಲ್ಲೂ ಜಾರುತ್ತಿತ್ತು, ಕಾದಷ್ಟೂ ಹೆಚ್ಚು ಜಾರುತ್ತಿತ್ತು.

ಆಮೇಲೆ ಡಿಪ್‌ಸ್ಟಿಕ್. ಸಮತಟ್ಟಾದ ಜಾಗ, ಕಾದ ಗೇರ್‌ಬಾಕ್ಸ್. ಎಂಜಿನ್ ಓಡುತ್ತಿರಬೇಕೋ ನಿಂತಿರಬೇಕೋ ಎಂಬುದನ್ನು ಆಯಾ ಕಾರಿನ ಪುಸ್ತಕವೇ ಹೇಳಬೇಕು. ಬಿಳಿ ಬಟ್ಟೆಗೆ ಒರೆಸಿದರೆ ಎಣ್ಣೆ ತಿಳಿಗೆಂಪಾಗಿದ್ದಷ್ಟೂ ಒಳ್ಳೆಯದು. ಕಂದು ತಿರುಗಿದ್ದರೆ ಹಳೆಯದಾಗಿದೆ ಎಂದರ್ಥ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಬೆಂದಿವೆ. ಗುಲಾಬಿ ಹಾಲಿನಂತಾಗಿದ್ದರೆ ನೀರು ಸೇರಿದೆ. ಬಹಳಷ್ಟು ಕಾರುಗಳಲ್ಲಿ ಈ ಎಣ್ಣೆ ತಣಿಯುವುದು ರೇಡಿಯೇಟರಿನೊಳಗಿನ ಕೊಳವೆಯಲ್ಲಿ. ಅದು ತೂತಾದರೆ ಎರಡೂ ಬೆರೆಯುತ್ತವೆ. ನನ್ನ ಕಾರಿನ ಎಣ್ಣೆ ಕಂದಾಗಿತ್ತು, ಸುಟ್ಟಿರಲಿಲ್ಲ, ಮಟ್ಟ ಮಾತ್ರ ತಳ ಕಂಡಿತ್ತು. ರೇಡಿಯೇಟರಿಗೆ ಹೋಗುವ ರಬ್ಬರ್ ಹೋಸಿನ ಸಂದಿಯಲ್ಲಿ ಜಿನುಗು. ತಳದ ತಟ್ಟೆ ಬಿಚ್ಚಿದಾಗ ಮ್ಯಾಗ್ನೆಟ್ಟಿಗೆ ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿತ್ತು. ಅದು ಸಹಜ ಸವೆತ. ಲೋಹದ ಚೂರುಗಳು ಮಿನುಗಿದ್ದರೆ ಕತೆ ಬೇರೆಯಾಗುತ್ತಿತ್ತು. ಹೋಸ್, ಫಿಲ್ಟರ್, ಕಂಪನಿ ಹೇಳಿದ ದರ್ಜೆಯ ಎಣ್ಣೆ, ಇಷ್ಟರಲ್ಲಿ ಕೆಲಸ ಮುಗಿಯಿತು.

ಎಲ್ಲ ಕಾರಿಗೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಆದರೆ ಗೇರ್‌ಬಾಕ್ಸಿನ ಮೇಲೆ ಬರುವ ದೂರುಗಳಲ್ಲಿ ಕೆಲವು ಬೇರೆಯವರ ತಪ್ಪು. ಡಿ ಹಾಕಿದೊಡನೆ ಧಡ್ ಎಂದು ಕುಕ್ಕಿದರೆ ಎಂಜಿನ್ ಮೌಂಟಿನ ರಬ್ಬರ್ ಹರಿದಿರಬಹುದು. ಗೇರ್ ತಡವಾಗಿ, ಜೋರಾಗಿ ಬದಲಾದರೆ ಹಳೆಯ ಕಾರುಗಳಲ್ಲಿ ಥ್ರಾಟಲ್ ಕೇಬಲ್ಲಿನ ಹೊಂದಿಕೆ ತಪ್ಪಿರಬಹುದು. ಬೇಲೂರು ಕಡೆಯ ನೇರ ರಸ್ತೆಯಲ್ಲಿ ಅರವತ್ತು ಎಪ್ಪತ್ತರ ವೇಗದಲ್ಲಿ ಗಾಡಿ ನಡುಗಿದರೆ ಬ್ರೇಕ್ ಪೆಡಲನ್ನು ಮೆಲ್ಲಗೆ ಸೋಕಿಸಿ ನೋಡಬೇಕು. ತಕ್ಷಣ ನಡುಕ ನಿಂತರೆ ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್ ಮೇಲೆ ಅನುಮಾನ. ನಿಲ್ಲದಿದ್ದರೆ ಸ್ಪಾರ್ಕ್ ಪ್ಲಗ್ಗಿನಿಂದ ಹುಡುಕಬೇಕು. ಗಾಡಿ ಒಂದೇ ಗೇರಿನಲ್ಲಿ ಸಿಕ್ಕಿಕೊಂಡು ದೀಪ ಮಿನುಗಿದರೆ ಕಂಪ್ಯೂಟರು ತಾನೇ ದೋಷ ಕಂಡು ಗೇರ್‌ಬಾಕ್ಸನ್ನು ಕಾಪಾಡುತ್ತಿದೆ ಎಂದರ್ಥ. ಅದು ಬರೆದಿಟ್ಟ ಕೋಡ್ ಓದದೆ ಏನನ್ನೂ ಬಿಚ್ಚಬಾರದು. ಬ್ರೇಕ್ ಹಿಡಿದು ಪೂರ್ತಿ ಆಕ್ಸಿಲರೇಟರ್ ಒತ್ತಿ ನೋಡುವ ಸ್ಟಾಲ್ ಪರೀಕ್ಷೆ ಬಲ್ಲವರ ಕೆಲಸ. ಐದು ಸೆಕೆಂಡ್ ಮೀರಿದರೆ ಪರೀಕ್ಷೆಯೇ ರೋಗವಾಗುತ್ತದೆ.

ಜೀಪಿನ ಕಾಲದ ಎರಡು ಅಭ್ಯಾಸಗಳನ್ನು ಮಾತ್ರ ಇಲ್ಲಿ ಬಿಡಬೇಕು. ಈ ಕಾರುಗಳನ್ನು ತಳ್ಳಿ ಸ್ಟಾರ್ಟ್ ಮಾಡಲಾಗದು. ತೋಟದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಲೂಬಾರದು: ಎಂಜಿನ್ ನಿಂತಾಗ ಪಂಪೂ ನಿಂತಿರುತ್ತದೆ, ಎಣ್ಣೆಯಿಲ್ಲದೆ ಒಳಗಿನ ಭಾಗಗಳು ತಿರುಗಿ ಉಜ್ಜಿಕೊಳ್ಳುತ್ತವೆ. ಬಲ ಪಡೆಯುವ ಚಕ್ರಗಳನ್ನು ನೆಲದಿಂದ ಎತ್ತಿಯೇ ಸಾಗಿಸಬೇಕು. ಆದರೆ ಘಾಟಿಯ ಹಳೆಯ ಮಾತನ್ನು ಬಿಡಬಾರದು. ಲಿವರಿನ ಬಳಿ ಇರುವ 2, ಎಲ್ ಎಂಬ ಗುರುತುಗಳು ಇಳಿಜಾರಿಗೆಂದೇ ಇವೆ. ಎಷ್ಟೋ ಜನ ಕಾರು ಮಾರುವವರೆಗೂ ಅವನ್ನು ಮುಟ್ಟುವುದೇ ಇಲ್ಲ.

2014ರ ನಂತರ ಬಂದ ಎಎಂಟಿ ಕಾರುಗಳಲ್ಲಿ ಇರುವುದು ಹಳೆಯ ಕೈ ಗೇರ್‌ಬಾಕ್ಸೇ; ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಅಲ್ಲಿ ಮತ್ತೆ ಕ್ಲಚ್ ಪ್ಲೇಟ್ ಸವೆಯುತ್ತದೆ, ಬೇರಿಂಗ್ ಗೊರಗುಡುತ್ತದೆ, ಕಿವಿಗೆ ಮತ್ತೆ ಕೆಲಸ ಬಂದಿದೆ. ಜೀಪಿನಿಂದ ಇಲ್ಲಿಯವರೆಗೆ ಯಂತ್ರ ಎರಡು ಸಲ ಬದಲಾಯಿತು. ಮೊದಲು ಕೇಳು, ಆಮೇಲೆ ನೋಡು, ಕೊನೆಗೆ ಬಿಚ್ಚು ಎಂಬ ಕ್ರಮ ಬದಲಾಗಲಿಲ್ಲ. ಅದನ್ನು ಬಲ್ಲ ಹಿರಿಯರು ಮೂಡಿಗೆರೆ, ಕಳಸದ ಗ್ಯಾರೇಜುಗಳಲ್ಲಿ ಇನ್ನೂ ಇದ್ದಾರೆ. ಅವರು ಕೇಳುವ ಪ್ರಶ್ನೆಗಳನ್ನು ಯಾರೂ ಬರೆದಿಟ್ಟುಕೊಂಡಿಲ್ಲ. ಇತಿಹಾಸ ಓದುವ ಹುಡುಗ ಹುಡುಗಿಯರು ಒಂದು ನೋಟ್‌ಬುಕ್ ಹಿಡಿದು ಅಲ್ಲಿಗೆ ಹೋದರೆ ಈ ಬೆಟ್ಟಗಳ ಎಪ್ಪತ್ತೈದು ವರ್ಷಗಳ ಕತೆ ಎಣ್ಣೆಯ ವಾಸನೆಯೊಂದಿಗೇ ಸಿಗುತ್ತದೆ.