ಒಂದು ರೂಪಾಯಿ ಹೆಚ್ಚಿಗೆ ಕೊಟ್ಟು ಕೊಂಡ ಬೌಲರ್

ಐಪಿಎಲ್ ಟ್ರೇಡ್ ಸುದ್ದಿ ಶುರುವಾದ್ರೆ ಸಾಕು, ನಂದಿಗುಡಿಯಿಂದ ಹರಿಹರದ ತನಕ ಚಹಾದಂಗಡಿ ಬೆಂಚಿನ ಮೇಲೆಲ್ಲ ಲೆಕ್ಕಾಚಾರ. ಆ ಎಳೇ ಬೌಲರ್‌ನ ಬಿಟ್ಟುಕೊಟ್ಟಿದ್ದು ಲಾಭನೋ ಲುಕ್ಸಾನೋ ಅಂತ. 2009ರಲ್ಲಿ ಬೆಂಗಳೂರು ತಂಡ ಜಹೀರ್ ಖಾನ್‌ನ ಮುಂಬೈಗೆ ಕೊಟ್ಟು ಕೊಡಗಿನ ರಾಬಿನ್ ಉತ್ತಪ್ಪನ್ನ ತಂದಾಗ್ಲೂ ಇದೇ ಮಾತು. ನಮ್ಮ 'ದಾವಣಗೆರೆ ಎಕ್ಸ್‌ಪ್ರೆಸ್' ವಿನಯ್ ಕುಮಾರ್ ಬೆಂಗಳೂರು, ಕೊಚ್ಚಿ, ಕೋಲ್ಕತ್ತ, ಮುಂಬೈ ಅಂತ ಜರ್ಸಿ ಬದಲಿಸಿದಾಗ್ಲೂ ಇದೇ ಚರ್ಚೆ.

ಬಂಧುಗಳೇ, ಅದೇ ಲೆಕ್ಕಾನ 130 ವರ್ಷ ಹಿಂದಿನ ಒಬ್ಬ ಬೌಲರ್‌ಗೆ ಹಾಕಿ ನೋಡೋಣ. ಹೆಸರು ಪಾಲ್ವಂಕರ್ ಬಾಲೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಜಾತಿಯಲ್ಲಿ ಚಮ್ಮಾರ. ಎಡಗೈ ಸ್ಪಿನ್ನರ್.

ಪುಣೆಯ ಪಾರ್ಸಿಗಳ ಕ್ಲಬ್‌ನಲ್ಲಿ ಪಿಚ್ ಗುಡಿಸೋದು, ರೋಲರ್ ಎಳೆಯೋದು ಆತನ ಕೆಲಸ. ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಬಿಳಿಯರ ಪೂನಾ ಕ್ಲಬ್‌ಗೆ ಹೋದ್ರು. ಅಲ್ಲಿ 4 ರೂಪಾಯಿ. ಬಾಲೂ ಅವರ ಮೊದಲ 'ಟ್ರೇಡ್' ಇದೇ ಅನ್ನಿ. ಸಾಹೇಬರಿಗೆ, ಅದರಲ್ಲೂ ಗ್ರೆಗ್ ಅನ್ನೋ ದೊಡ್ಡ ಬ್ಯಾಟ್ಸ್‌ಮನ್‌ಗೆ, ನೆಟ್‌ನಲ್ಲಿ ಗಂಟೆಗಟ್ಟಲೆ ಬೌಲಿಂಗ್ ಮಾಡಿದ್ರು. ಆದ್ರೆ ಬ್ಯಾಟ್ ಹಿಡಿಯೋಕೆ ಬಿಡಲಿಲ್ಲ. ಆಳು ಬೌಲಿಂಗ್ ಮಾಡಬೇಕು, ಧಣಿ ಬ್ಯಾಟ್ ಮಾಡಬೇಕು. ಆಗಿನ ನೇಮ ಅದು.

ಎರಡನೇ ವ್ಯವಹಾರ ಪುಣೆಯ ಹಿಂದೂಗಳದ್ದು. ಬಿಳಿಯರನ್ನ ಸೋಲಿಸಬೇಕು, ಅದಕ್ಕೆ ಇಂಥಾ ಬೌಲರ್ ಬೇಕು. ಆದ್ರೆ ಆತ ಅಸ್ಪೃಶ್ಯ. ಏನು ಮಾಡಿದ್ರು? ಬೌಲಿಂಗ್ ತಗೊಂಡ್ರು, ಬೌಲರ್‌ನ ಹೊರಗೆ ನಿಲ್ಲಿಸಿದ್ರು. ಆತ ಮುಟ್ಟಿದ ಚೆಂಡನ್ನ ಎಲ್ಲರೂ ಮುಟ್ಟಿದ್ರು. ಚಹಾದ ಹೊತ್ತಿಗೆ ಮಾತ್ರ ಪೆವಿಲಿಯನ್ ಹೊರಗೆ, ಮಣ್ಣಿನ ಲೋಟದಲ್ಲಿ. ಊಟಕ್ಕೆ ಬೇರೆ ತಟ್ಟೆ.

ನಾನು ಆಫೀಸಲ್ಲಿ ದಿನಾ ಜಮಾ-ಖರ್ಚು ಬರೆಯೋ ಗುಮಾಸ್ತ. ಇದನ್ನೂ ಹಂಗೇ ಬರೀತೀನಿ.

ಅವರು ಪಡೆದದ್ದು: ಬಾಂಬೆಗೆ ಹೋದಮೇಲೆ ಹಿಂದೂ ಜಿಮ್ಖಾನಾಗೆ ವರ್ಷಗಟ್ಟಲೆ ವಿಕೆಟ್. 1906ರಲ್ಲಿ ಯೂರೋಪಿಯನ್ನರ ಮೇಲೆ 109 ರನ್‌ಗಳ ಗೆಲುವು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ, ಪಟಿಯಾಲ ಮಹಾರಾಜರ ನಾಯಕತ್ವದ ತಂಡ ಸೋಲಿನ ಮೇಲೆ ಸೋಲು ಕಾಣ್ತಿದ್ದಾಗ, ಬಾಲೂ ಒಬ್ಬರೇ 114 ವಿಕೆಟ್ ತೆಗೆದ್ರು. ಸರಾಸರಿ 18.84.

ಅವರು ಕೊಟ್ಟದ್ದು: ಬರುಬರುತ್ತಾ ಪಂಕ್ತಿಯಲ್ಲಿ ಜಾಗ. ಸನ್ಮಾನ, ಭಾಷಣ. ಹಿಂದೂ ತಂಡದ ಕ್ಯಾಪ್ಟನ್‌ಗಿರಿ ಕೊಡಲೇ ಇಲ್ಲ. ಅದು ಆ ಮನೆಗೆ ಬಂದಿದ್ದು 1923ರಲ್ಲಿ, ತಮ್ಮ ವಿಠ್ಠಲರಿಗೆ.

ಈ ಖಾತೆ ಟ್ಯಾಲಿ ಆಗುತ್ತಾ? ನೀವೇ ಹೇಳಿ.

ಕೆಲವು ಗೆಳೆಯರು ಕೇಳ್ತಾರೆ, "ಆತ 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಂದ ಬಾಬಾಸಾಹೇಬರ ವಿರುದ್ಧವೇ ನಿಂತವನಲ್ವಾ? ಅವನನ್ನ ಯಾಕೆ ನೆನೀಬೇಕು?" ಹೌದು, ನಿಂತಿದ್ರು. ಬಾಬಾಸಾಹೇಬರಿಗೆ 13,245, ಬಾಲೂಗೆ 11,225 ಮತ. ರಾಜಕೀಯದಲ್ಲಿ ನಾನು ಬಾಬಾಸಾಹೇಬರ ಕಡೆಯವನು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಮ್ಮವರ ವಿರುದ್ಧ ನಿಲ್ಲಿಸೋಕೆ ನಮ್ಮವರನ್ನೇ ಹುಡುಕಿದ್ರಲ್ಲ, ಅದೂ ಅದೇ ವ್ಯಾಪಾರ. ಕೈಚಳಕ ಬೇಕು, ಹೆಸರು ಬೇಕು, ಅಧಿಕಾರ ಮಾತ್ರ ಕೊಡಲ್ಲ. ಇದನ್ನ ಅರ್ಥ ಮಾಡ್ಕೊಳ್ಳೋಕಾದ್ರೂ ಬಾಲೂ ಕಥೆ ನಮಗೆ ಬೇಕು.

ಇವತ್ತೂ ಟೆನಿಸ್ ಬಾಲ್ ಟೂರ್ನಿ ಬಂದ್ರೆ ನಮ್ಮ ಕೇರಿ ಹುಡುಗ್ರನ್ನ ಹುಡುಕ್ಕೊಂಡು ಬರ್ತಾರೆ. "ನಿನ್ ಯಾರ್ಕರ್ ಬೇಕಪ್ಪಾ, ಬಾ" ಅಂತಾರೆ. ತಮ್ಮಂದಿರಾ, ಹೋಗ್ರಿ, ಆಡ್ರಿ, ಗೆಲ್ರಿ. ಹೋಗೋ ಮುಂಚೆ ಎರಡೇ ಪ್ರಶ್ನೆ ಕೇಳ್ರಿ: ಊಟ ಎಲ್ಲರ ಜೊತೆಗಾ? ನಾಯಕನ್ನ ಆರಿಸೋವಾಗ ನನ್ನ ಹೆಸರೂ ಲೆಕ್ಕಕ್ಕಿರುತ್ತಾ? ಉತ್ತರ ಬರೋ ತನಕ ಚೆಂಡು ನಿಮ್ಮ ಕೈಯಲ್ಲೇ ಇರಲಿ.

ಜೈ ಭೀಮ್.