ಪಿತ್ತಕೋಶದ ಕಲ್ಲು ಮತ್ತು ಆಹಾರಕ್ರಮ

ಯಕೃತ್ತಿನ ಅಡಿಯಲ್ಲಿ ಅಂಟಿಕೊಂಡಿರುವ ಪುಟ್ಟ ಚೀಲವಾದ ಪಿತ್ತಕೋಶದಲ್ಲಿ, ಪಿತ್ತರಸದ ಘಟಕಗಳು ಹದ ತಪ್ಪಿ ಹರಳುಗಟ್ಟಿದಾಗ ಉಂಟಾಗುವ ಗಟ್ಟಿ ಕಣಗಳಿಗೆ ಪಿತ್ತಕೋಶದ ಕಲ್ಲು ಅಥವಾ ಪಿತ್ತಾಶ್ಮರಿ ಎಂದು ಹೆಸರು. ಒಮ್ಮೆ ಗಟ್ಟಿಯಾದ ಕಲ್ಲನ್ನು ಯಾವ ಆಹಾರವೂ ಕರಗಿಸಲಾರದು. ನೋವು ಕೆರಳದಂತೆ ನೋಡಿಕೊಳ್ಳುವುದು ಮತ್ತು ಹೊಸ ಕಲ್ಲುಗಳಿಗೆ ಆಸ್ಪದ ಕೊಡದಿರುವುದು ಇವೆರಡೇ ಪಥ್ಯದಿಂದ ನಿರೀಕ್ಷಿಸಬಹುದಾದ ಪ್ರಯೋಜನಗಳು.

ಯಕೃತ್ತು ದಿನವೊಂದಕ್ಕೆ ಸುಮಾರು 500ರಿಂದ 1000 ಮಿಲಿಲೀಟರಿನಷ್ಟು ಪಿತ್ತರಸವನ್ನು ಸ್ರವಿಸುತ್ತದೆ. ಕೇವಲ 30ರಿಂದ 50 ಮಿಲಿಲೀಟರ್ ಹಿಡಿಸುವ ಪಿತ್ತಕೋಶವು ಅದರ ನೀರಿನಂಶವನ್ನು ಹೀರಿ, ಉಳಿದುದನ್ನು ಮಂದಗೊಳಿಸಿ ಇರಿಸಿಕೊಳ್ಳುತ್ತದೆ. ಊಟದಲ್ಲಿನ ಕೊಬ್ಬು ಸಣ್ಣ ಕರುಳಿನ ಮೊದಲ ಭಾಗವನ್ನು ತಲುಪಿದೊಡನೆ ಅಲ್ಲಿಂದ ಕೊಲೆಸಿಸ್ಟೋಕೈನಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಐವಿ ಮತ್ತು ಓಲ್ಡ್‌ಬರ್ಗ್ ಎಂಬ ವಿಜ್ಞಾನಿಗಳು 1928ರಲ್ಲಿ ಹೆಸರಿಟ್ಟ ಈ ಹಾರ್ಮೋನು ಪಿತ್ತಕೋಶವನ್ನು ಸಂಕುಚಿಸಿ ಪಿತ್ತರಸವನ್ನು ಕರುಳಿಗೆ ಹರಿಸುತ್ತದೆ. ಆ ಹೊತ್ತಿನಲ್ಲಿ ಕಲ್ಲೊಂದು ಚೀಲದ ಕತ್ತಿನಲ್ಲಿ ಸಿಕ್ಕಿಕೊಂಡರೆ ಹೊಟ್ಟೆಯ ಮೇಲ್ಭಾಗದಲ್ಲಿ, ಹೆಚ್ಚಾಗಿ ಬಲಗಡೆಗೆ, ತೀವ್ರ ನೋವೆದ್ದು ಬಲ ಭುಜದ ಹಿಂಭಾಗದವರೆಗೂ ಹರಡಬಹುದು. ಭಾರಿ ಭೋಜನದ ನಂತರ, ಅದರಲ್ಲೂ ರಾತ್ರಿ ವೇಳೆ, ಈ ನೋವು ಕಾಣಿಸಿಕೊಳ್ಳುವುದು ಸಾಮಾನ್ಯ. ನೋವು ಹಲವು ಗಂಟೆ ಬಿಡದಿದ್ದರೆ, ಅಥವಾ ಅದರೊಂದಿಗೆ ಜ್ವರವೋ ಕಾಮಾಲೆಯೋ ಇದ್ದರೆ, ಅದು ಪಥ್ಯದ ವ್ಯಾಪ್ತಿಗೆ ಮೀರಿದ್ದು; ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕಲ್ಲಿರುವವರಲ್ಲಿ ಬಹುಪಾಲು ಜನರಿಗೆ ಯಾವ ತೊಂದರೆಯೂ ಇರುವುದಿಲ್ಲ. ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಅದು ಅಕಸ್ಮಾತ್ತಾಗಿ ಪತ್ತೆಯಾಗುತ್ತದೆ. ಇಂಥವರಿಗೆ ಸಾಮಾನ್ಯವಾಗಿ ಚಿಕಿತ್ಸೆಯೂ ಬೇಡ, ವಿಶೇಷ ಪಥ್ಯವೂ ಬೇಡ. ಆದರೂ ವರದಿ ಕೈಗೆ ಬಂದ ದಿನದಿಂದ ಎಣ್ಣೆ, ತುಪ್ಪ, ಕಾಯಿತುರಿಗಳನ್ನೆಲ್ಲ ಒಮ್ಮೆಗೇ ತ್ಯಜಿಸುವವರು ಕಡಿಮೆಯಿಲ್ಲ, ಮತ್ತು ಈ ವಿಷಯದಲ್ಲಿ ನಡೆಯುವ ಅತಿ ದೊಡ್ಡ ತಪ್ಪು ಇದೇ. ಊಟದಲ್ಲಿ ಕೊಬ್ಬೇ ಇಲ್ಲದಿದ್ದರೆ ಪಿತ್ತಕೋಶ ಸರಿಯಾಗಿ ಬರಿದಾಗುವುದಿಲ್ಲ. ಒಳಗೇ ನಿಂತ ಪಿತ್ತರಸ ಮಂದವಾಗುತ್ತ ಹೋಗಿ ಹೊಸ ಹರಳುಗಳಿಗೆ ಎಡೆಯಾಗುತ್ತದೆ. ದೀರ್ಘ ಉಪವಾಸ ಮತ್ತು ಬೆಳಗಿನ ತಿಂಡಿ ಬಿಡುವ ರೂಢಿಯೂ ಇದೇ ದಾರಿಯವು. ತೂಕವನ್ನು ವಾರಕ್ಕೆ ಒಂದೂವರೆ ಕಿಲೋಗ್ರಾಂಗಿಂತ ವೇಗವಾಗಿ ಇಳಿಸಿದಾಗಲಂತೂ ದೇಹದ ಕೊಬ್ಬಿನಿಂದ ಹೊರಬಿದ್ದ ಕೊಲೆಸ್ಟರಾಲ್ ಪಿತ್ತರಸಕ್ಕೆ ಸೇರಿ ಕಲ್ಲಾಗುವ ಸಂಭವ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಸ್ಥೂಲಕಾಯವೂ ಕಲ್ಲಿಗೆ ಕಾರಣವಾಗುವುದರಿಂದ ತೂಕ ಇಳಿಸಬೇಕಾದದ್ದು ನಿಜ, ಆದರೆ ನಿಧಾನವಾಗಿ.

ನೋವು ಬರುವವರು ಒಂದೇ ಹೊತ್ತಿಗೆ ಹೊಟ್ಟೆ ಬಿರಿಯುವಂತೆ ಉಣ್ಣುವುದನ್ನು ಬಿಟ್ಟು, ಹೊತ್ತು ತಪ್ಪದಂತೆ ಮಿತವಾಗಿ ಉಂಡು, ದಿನದ ಎಣ್ಣೆ-ತುಪ್ಪವನ್ನು ಊಟಗಳ ನಡುವೆ ಹಂಚಿಕೊಳ್ಳುವುದು ಒಳ್ಳೆಯದು. ಒಗ್ಗರಣೆಗೆ ಬಳಸುವ ಒಂದೆರಡು ಚಮಚ ಎಣ್ಣೆಗಿಂತ ಬೆಣ್ಣೆ ದೋಸೆ, ಬಜ್ಜಿ-ಬೋಂಡ, ತುಪ್ಪ ಸುರಿದ ಹೋಳಿಗೆ, ಬಾಡೂಟದ ಕೊಬ್ಬಿನ ತುಂಡುಗಳಂಥವು ನೋವು ಕೆರಳಿಸುವುದೇ ಹೆಚ್ಚು; ಆದರೆ ಯಾವುದು ಯಾರಿಗೆ ಆಗದು ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ ಕಾರಣ, ತಿಂದದ್ದನ್ನೂ ನೋವು ಬಂದ ಹೊತ್ತನ್ನೂ ಬರೆದಿಟ್ಟುಕೊಳ್ಳುವುದು ಉಳಿದವರ ಪಟ್ಟಿಯನ್ನು ಅನುಸರಿಸುವುದಕ್ಕಿಂತ ಉಪಯುಕ್ತ. ರಾಗಿ ಮುದ್ದೆ, ಜೋಳದ ರೊಟ್ಟಿ, ಸೊಪ್ಪಿನ ಸಾರು, ಹೆಸರುಕಾಳಿನ ಉಸಲಿ, ಕೋಸಂಬರಿ, ಮಜ್ಜಿಗೆಗಳಿಂದ ಕೂಡಿದ ಸಾಂಪ್ರದಾಯಿಕ ಊಟದಲ್ಲಿ ನಾರಿನಂಶ ಹೆಚ್ಚು, ಕೊಬ್ಬು ಮಿತ. ಮೈದಾ ಮತ್ತು ಸಕ್ಕರೆ ತುಂಬಿದ ಬೇಕರಿ ತಿನಿಸುಗಳಿಗಿಂತ ಇದು ಎಲ್ಲ ರೀತಿಯಲ್ಲೂ ಲೇಸು. ಕಾಫಿಯ ವಿಚಾರ ಸ್ವಲ್ಪ ವಿಚಿತ್ರವಾದದ್ದು: ಅದನ್ನು ಕುಡಿಯುವವರಲ್ಲಿ ಈ ಕಾಯಿಲೆ ಕಡಿಮೆಯೆಂದು ಅಮೆರಿಕದ ದೊಡ್ಡ ಸಮೀಕ್ಷೆಗಳು ತೋರಿಸಿವೆಯಾದರೂ, ಕಾಫಿಯೂ ಪಿತ್ತಕೋಶವನ್ನು ಸಂಕುಚಿಸುವುದರಿಂದ ಈಗಾಗಲೇ ಕಲ್ಲಿರುವ ಕೆಲವರಿಗೆ ಅದೇ ನೋವು ತರಬಹುದು.

‘ಕಲ್ಲು’ ಎಂದೊಡನೆ ಬಾಳೆದಿಂಡಿನ ರಸ ಮತ್ತು ಹುರುಳಿಯ ಕಟ್ಟನ್ನು ಸೂಚಿಸುವುದು, ಪಾಲಕ್-ಟೊಮೆಟೊ ಬಿಡಿಸುವುದು ಕರ್ನಾಟಕದ ಮನೆಗಳಲ್ಲಿ ರೂಢಿ. ಇವು ಮೂತ್ರಪಿಂಡದ ಕಲ್ಲಿಗೆ ಸಂಬಂಧಿಸಿದ ನಂಬಿಕೆ ಮತ್ತು ಸಲಹೆಗಳು. ಅಲ್ಲಿ ಆಕ್ಸಲೇಟ್ ಮುಖ್ಯವಾದರೆ ಪಿತ್ತಕೋಶದ ಕಲ್ಲು ಕೊಲೆಸ್ಟರಾಲ್‌ನಿಂದಲೋ, ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ವರ್ಣದ್ರವ್ಯದಿಂದಲೋ ಆದದ್ದು. ಥಲಸೀಮಿಯ, ಕುಡಗೋಲು ಕಣ ರಕ್ತಹೀನತೆಯಂಥ ಕಾಯಿಲೆಗಳಲ್ಲಿ ಬರುವ ವರ್ಣದ್ರವ್ಯದ ಕಲ್ಲುಗಳನ್ನು ಪಥ್ಯದಿಂದ ತಡೆಯುವ ಅವಕಾಶವೂ ತೀರ ಕಡಿಮೆ.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ನಡೆದ ಪ್ರಯೋಗಗಳಲ್ಲಿ, ಕೊಲೆಸ್ಟರಾಲ್ ಬೆರೆತ ಆಹಾರ ಕೊಟ್ಟ ಇಲಿಗಳಿಗೆ ಮೆಂತ್ಯ, ಬೆಳ್ಳುಳ್ಳಿ, ಈರುಳ್ಳಿಗಳನ್ನು ತಿನ್ನಿಸಿದಾಗ ಕಲ್ಲುಗಟ್ಟುವಿಕೆ ಕಡಿಮೆಯಾದದ್ದು ಕಂಡುಬಂದಿದೆ. ಇಲಿಗಳ ಫಲಿತಾಂಶ ಮನುಷ್ಯರಿಗೆ ಔಷಧವಾಗದಿದ್ದರೂ, ಅಡುಗೆಯಲ್ಲಿ ಅವನ್ನು ಎಂದಿನಂತೆ ಬಳಸಲು ಅಡ್ಡಿಯಿಲ್ಲ.

ಮೊಬೈಲಿನಲ್ಲಿ ಹರಿದಾಡುವ ಸೇಬಿನ ರಸ, ಆಲಿವ್ ಎಣ್ಣೆ, ನಿಂಬೆರಸಗಳ ಚಿಕಿತ್ಸೆಯನ್ನು ಮಾತ್ರ ನಂಬಬಾರದು. ಅದನ್ನು ಕುಡಿದ ರೋಗಿಯೊಬ್ಬರ ಮಲದಲ್ಲಿ ಹೊರಬಂದ ಹಸಿರು ಗೋಲಿಗಳನ್ನು ಪರೀಕ್ಷಿಸಿದಾಗ ಅವು ಆ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತೆ ಗಟ್ಟಿಯಾದ ಉಂಡೆಗಳೆಂದು ತಿಳಿದುಬಂದದ್ದನ್ನು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ಒಮ್ಮೆಗೇ ಅಷ್ಟೊಂದು ಎಣ್ಣೆ ಕುಡಿದರೆ ಪಿತ್ತಕೋಶ ಬಲವಾಗಿ ಹಿಂಡಿಕೊಂಡು, ನಿಜವಾದ ಕಲ್ಲು ನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಉಂಟು.

ಪದೇ ಪದೇ ನೋವು ಬರುವವರಿಗೆ ಪಿತ್ತಕೋಶವನ್ನೇ ತೆಗೆಯುವ ಶಸ್ತ್ರಚಿಕಿತ್ಸೆ ಖಚಿತವಾದ ಪರಿಹಾರ. ಆ ನಂತರ ಪಿತ್ತರಸವು ಸಂಗ್ರಹವಾಗದೆ ಯಕೃತ್ತಿನಿಂದ ನೇರವಾಗಿ ಕರುಳಿಗೆ ಜಿನುಗುತ್ತಿರುವುದರಿಂದ ಕೆಲವರಿಗೆ ಕೆಲಕಾಲ ಭೇದಿಯಾಗಬಹುದು. ಅಂಥವರು ಎಣ್ಣೆ-ತುಪ್ಪವನ್ನು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿಕೊಂಡರೆ ಸಾಕಾಗುತ್ತದೆ, ಹೆಚ್ಚಿನವರು ಮಾತ್ರ ಬೇಗನೆ ಎಂದಿನ ಊಟಕ್ಕೆ ಮರಳುತ್ತಾರೆ.