ದುಡಿಯ ಹಾಡು, ಸುಟ್ಟ ಟಿಪ್ಪಣಿ

ಪರೀಕ್ಷೆ ಹತ್ತಿರ ಬಂದಾಗ ನೋಟ್ಸ್ ತೆರೆದರೆ ಎಲ್ಲವೂ ಇರುತ್ತದೆ, ಬೇಕಾದದ್ದು ಮಾತ್ರ ಕೈಗೆ ಸಿಗುವುದಿಲ್ಲ. ಬರೆದುಕೊಳ್ಳುವುದು ಒಂದು ಕೆಲಸ, ಬರೆದದ್ದನ್ನು ಜೋಡಿಸುವುದು ಬೇರೆಯೇ ಕೆಲಸ. ಈ ಎರಡನೆಯದು ಎಷ್ಟು ದೊಡ್ಡದು ಎಂಬುದು ಕೊಡಗಿನ ಬಗ್ಗೆ ಬರೆದ ಇಬ್ಬರನ್ನು ನೋಡಿದರೆ ತಿಳಿಯುತ್ತದೆ.

ಮೊದಲನೆಯವರು ನಡಿಕೇರಿಯಂಡ ಚಿಣ್ಣಪ್ಪ, ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರು. ಮದುವೆಯಲ್ಲಿ, ಸಾವಿನ ಮನೆಯಲ್ಲಿ, ಹುತ್ತರಿಯಲ್ಲಿ, ದೇವರ ಹಬ್ಬದಲ್ಲಿ ನಾಲ್ವರು ದುಡಿ ಬಡಿಯುತ್ತಾ ಹಾಡುವ ಹಾಡುಗಳು ಆವರೆಗೆ ಬಾಯಿಂದ ಬಾಯಿಗೆ ಬಂದಿದ್ದವು. ಹಾಡುಗಾರ ಹೋದರೆ ಹಾಡೂ ಹೋಯಿತು. ಚಿಣ್ಣಪ್ಪ ಅವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರು. 1924ರಲ್ಲಿ 'ಪಟ್ಟೋಲೆ ಪಳಮೆ' ಅಚ್ಚಾಯಿತು. ಅದರ ಸುಮಾರು ಮೂರನೇ ಎರಡು ಭಾಗ ಹಾಡುಗಳೇ.

ಆದರೆ ಅದು ಬರಿಯ ಹಾಡಿನ ಪುಸ್ತಕವಲ್ಲ. ಹಾಡಿನ ಜೊತೆಗೆ ಪದ್ಧತಿಗಳ ವಿವರಣೆ, ಹಬ್ಬಗಳು, ಗಾದೆಗಳು ಇವೆ. ಮದುವೆಯ ಹಾಡು ಎಲ್ಲಿ ಬರುತ್ತದೆ, ಅದನ್ನು ಹಾಡುವಾಗ ಏನು ನಡೆಯುತ್ತದೆ ಎಂಬುದು ಒಂದೇ ಪುಸ್ತಕದೊಳಗೆ ಸಿಗುತ್ತದೆ. ಹಾಡುಗಳನ್ನು ಅಕಾರಾದಿಯಾಗಿ ಇಟ್ಟಿದ್ದರೆ ಹುಡುಕುವುದು ಸುಲಭವಾಗುತ್ತಿತ್ತು, ಅರ್ಥವಾಗುವುದು ಕಷ್ಟವಾಗುತ್ತಿತ್ತು.

ಈ ಜೋಡಣೆಯ ಫಲ ಕಂಡವರಲ್ಲಿ ಒಬ್ಬರು ಮೈಸೂರಿನ ಎಂ.ಎನ್. ಶ್ರೀನಿವಾಸ್. 1940ರ ದಶಕದ ಆರಂಭದಲ್ಲಿ ಬೊಂಬಾಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಶಿಷ್ಯರಾಗಿ ಕೊಡಗಿನಲ್ಲಿ ಸಂಶೋಧನೆ ಮಾಡಿದರು. 1944ರಲ್ಲಿ ಪ್ರಬಂಧ ಮುಗಿಯಿತು. ಮರುವರ್ಷ ಆಕ್ಸ್‌ಫರ್ಡ್‌ಗೆ ಹೋದಾಗ ಎ.ಆರ್. ರ‍್ಯಾಡ್‌ಕ್ಲಿಫ್-ಬ್ರೌನ್ ಅದೇ ಸಾಮಗ್ರಿಯನ್ನು ಹೊಸದೊಂದು ಪ್ರಶ್ನೆಯ ಕೆಳಗೆ ಜೋಡಿಸಲು ಸೂಚಿಸಿದರು: ಕೊಡವರ ಆಚರಣೆಗಳು ಸಮಾಜವನ್ನು ಹೇಗೆ ಹಿಡಿದಿಟ್ಟಿವೆ? ಅದರಿಂದ 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜದ ಪುಸ್ತಕ ಬಂತು, 'ಸಂಸ್ಕೃತೀಕರಣ' ಎಂಬ ಮಾತು ಸಮಾಜಶಾಸ್ತ್ರದಲ್ಲಿ ನೆಲೆಯೂರಿತು. ಸಾಮಗ್ರಿ ಬಹುಪಾಲು ಹಳೆಯದೇ, ವಿಂಗಡಣೆ ಹೊಸದು.

ಇಲ್ಲಿ ಚಿತ್ರದ ಮಾತೂ ಬರಬೇಕು. ಮಾನವಶಾಸ್ತ್ರಜ್ಞರು ವಂಶಾವಳಿಯನ್ನು ತ್ರಿಕೋನ (ಗಂಡು), ವೃತ್ತ (ಹೆಣ್ಣು), ಗೆರೆಗಳಲ್ಲಿ ಬರೆಯುತ್ತಾರೆ. ಒಂದು ಒಕ್ಕದ ಸಂಬಂಧಗಳನ್ನು ವಾಕ್ಯದಲ್ಲಿ ಬರೆದು ನೋಡಿ, ಅರ್ಧ ಪುಟದಲ್ಲಿ ಯಾರು ಯಾರ ಚಿಕ್ಕಪ್ಪ ಎಂದೇ ಮರೆತುಹೋಗುತ್ತದೆ. ಚಿತ್ರದಲ್ಲಾದರೆ ಗಂಡಿನ ಗೆರೆ ನೇರವಾಗಿ ಕೆಳಗಿಳಿಯುತ್ತದೆ, ಮದುವೆಯಾದ ಮಗಳು ಪಕ್ಕದ ಒಕ್ಕಕ್ಕೆ ಹೋಗುವುದು ಕಣ್ಣಿಗೇ ಕಾಣುತ್ತದೆ. ಕೊಡವರ ಹೆಸರಿನಲ್ಲೂ ಮೊದಲು ಒಕ್ಕ, ಆಮೇಲೆ ವ್ಯಕ್ತಿ: 'ನಡಿಕೇರಿಯಂಡ' ಆದ ಮೇಲೆಯೇ 'ಚಿಣ್ಣಪ್ಪ'. ಕಡತದ ಮೇಲೆ ವಿಭಾಗದ ಹೆಸರು ಬರೆದಂತೆ.

ಆಮೇಲಿನದು ಶ್ರೀನಿವಾಸರ ಬದುಕಿನ ಕಹಿ ಅಧ್ಯಾಯ. ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ (ಅದಕ್ಕೆ ಅವರು ಕೊಟ್ಟ ಹೆಸರು ರಾಂಪುರ) 1948ರಿಂದ ಕಲೆಹಾಕಿದ ಟಿಪ್ಪಣಿಗಳನ್ನು ವರ್ಷಗಟ್ಟಲೆ ವಿಂಗಡಿಸಿ, ಬೇಕಾದಂತೆ ಸಂಸ್ಕರಿಸಿ ಇಟ್ಟುಕೊಂಡಿದ್ದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಅವರ ಕೊಠಡಿಯಲ್ಲಿದ್ದ ಆ ಪ್ರತಿಗಳೆಲ್ಲ ಸುಟ್ಟವು. ಪ್ರತಿ ಮೂರಿದ್ದವು, ಆದರೆ ಮೂರೂ ಒಂದೇ ಕಡೆ!

ಹೊಲದಲ್ಲಿ, ಜಗಲಿಯಲ್ಲಿ ಕೂತು ಬರೆದ ಮೂಲ ಟಿಪ್ಪಣಿಗಳು ದೆಹಲಿಯಲ್ಲಿ ಸುರಕ್ಷಿತವಾಗಿದ್ದವು. ಹೋದದ್ದು ಮಾಹಿತಿಯಲ್ಲ, ಅದನ್ನು ಜೋಡಿಸಿದ ಹದಿನೆಂಟು ವರ್ಷಗಳ ದುಡಿಮೆ. ಮತ್ತೆ ಮೊದಲಿನಿಂದ ವಿಂಗಡಿಸುವ ಬದಲು ನೆನಪಿನಿಂದಲೇ ಬರೆಯಿರಿ ಎಂದು ಸಾಲ್ ಟ್ಯಾಕ್ಸ್ ಎಂಬ ಮಾನವಶಾಸ್ತ್ರಜ್ಞರು ಒತ್ತಾಯಿಸಿದರು. 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಹೊರಬಂತು. ಅದು ಇಷ್ಟು ಓದಿಸಿಕೊಂಡು ಹೋಗುವುದಕ್ಕೆ ಆ ಬೆಂಕಿಯೂ ಕಾರಣ ಎಂದೇ ನನಗೆ ಅನಿಸುತ್ತದೆ. ಹಾಗೆಂದು ಹದಿನೆಂಟು ವರ್ಷ ವಿಂಗಡಿಸದೆ ಇದ್ದವರಿಗೆ ಅಷ್ಟು ನೆನಪು ಉಳಿಯುತ್ತಿತ್ತೇ?

ಚಿಣ್ಣಪ್ಪನವರ ಪುಸ್ತಕ ಮಾತ್ರ ಉಳಿಯಿತು. 2003ರಲ್ಲಿ ಅವರ ಮೊಮ್ಮಕ್ಕಳು, ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ, ಅದನ್ನು ಇಂಗ್ಲಿಷಿಗೆ ತಂದರು.